ವರ್ತನಾ ವಿಜ್ಞಾನಕ್ಕೆ ಬರುವ ಮುನ್ನ ಬಿಡಬೇಕಾದ ತಪ್ಪು ಕಲ್ಪನೆಗಳು

ಜನ ಹೇಗೆ ನಿರ್ಧಾರ ಮಾಡುತ್ತಾರೆ, ಹೇಳುವುದೊಂದು ಮಾಡುವುದೊಂದು ಯಾಕಾಗುತ್ತದೆ ಎಂಬುದನ್ನು ಪ್ರಯೋಗ, ಸಮೀಕ್ಷೆಗಳಿಂದ ಅಳೆದು ನೋಡುವ ಕ್ಷೇತ್ರ ವರ್ತನಾ ವಿಜ್ಞಾನ. ಇಲ್ಲಿ ಚೆನ್ನಾಗಿ ಬೆಳೆಯಬಲ್ಲ ಎಷ್ಟೋ ಮಕ್ಕಳು ತಪ್ಪು ಮಾಹಿತಿ ಕೇಳಿ ಹಿಂದೆ ಸರಿಯುತ್ತಾರೆ.

ತಪ್ಪು ಕಲ್ಪನೆ: ಇದು ಮನಶ್ಶಾಸ್ತ್ರ ಓದಿದವರಿಗೆ ಮಾತ್ರ, ಓದಿದರೂ ಕೊನೆಗೆ ಕೌನ್ಸೆಲರ್ ಆಗಬೇಕು.

ಸತ್ಯ: ಚಿಕಿತ್ಸೆಯೇ ಬೇರೆ, ಸಂಶೋಧನೆಯೇ ಬೇರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ನಿಮ್ಹಾನ್ಸ್‌ನಂಥ ಕಡೆ ತರಬೇತಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಸಂಶೋಧಕರಿಗೆ ಆ ನೋಂದಣಿ ಬೇಕಿಲ್ಲ. ಈ ಕ್ಷೇತ್ರ ಒಂದೇ ವಿಷಯದವರದೂ ಅಲ್ಲ. ಡೇನಿಯಲ್ ಕಾನೆಮನ್ ಮನಶ್ಶಾಸ್ತ್ರಜ್ಞರಾಗಿದ್ದರು. 2002ರಲ್ಲಿ ಅವರಿಗೆ ಬಂದದ್ದು ಅರ್ಥಶಾಸ್ತ್ರದ ನೊಬೆಲ್. ಗಾಂಧಿನಗರದ ಐಐಟಿ, ಅಲಹಾಬಾದ್ ವಿಶ್ವವಿದ್ಯಾಲಯಗಳ ಕಾಗ್ನಿಟಿವ್ ಸೈನ್ಸ್ ಎಂ.ಎಸ್ಸಿ.ಗೆ ಬೇರೆ ಬೇರೆ ವಿಷಯಗಳ ಪದವೀಧರರೂ ಸೇರುತ್ತಾರೆ.

ತಪ್ಪು ಕಲ್ಪನೆ: ಪಿಎಚ್‌.ಡಿ. ಇಲ್ಲದೆ ಕೆಲಸವಿಲ್ಲ, ಕೆಲಸವೆಂದರೆ ಪ್ರಯೋಗಾಲಯ.

ಸತ್ಯ: ಹೆಚ್ಚಿನವರ ಮೊದಲ ಹುದ್ದೆ ರಿಸರ್ಚ್ ಅಸಿಸ್ಟೆಂಟ್ ಅಥವಾ ಅಸೋಸಿಯೇಟ್; ಅದಕ್ಕೆ ಪಿಎಚ್‌.ಡಿ. ಬೇಕಿಲ್ಲ. ಜೆ-ಪಾಲ್ ಸೌತ್ ಏಷ್ಯಾ ಎಂಬ ಸಂಶೋಧನಾ ಸಂಸ್ಥೆ, ಅಶೋಕ ವಿಶ್ವವಿದ್ಯಾಲಯದ ಸಾಮಾಜಿಕ ಮತ್ತು ವರ್ತನಾ ಬದಲಾವಣೆ ಕೇಂದ್ರದಂಥ ಕಡೆ ಇಂಥ ಹುದ್ದೆಗಳಿರುತ್ತವೆ. ಪ್ರಯೋಗಾಲಯ ಬಹಳ ಸಲ ಹಳ್ಳಿಯೇ. ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಮಕ್ಕಳ ಲಸಿಕೆಯ ಅಧ್ಯಯನವನ್ನೇ ನೋಡಿ. ಹಳ್ಳಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಏನೂ ಬದಲಿಸದ ಕಡೆ ಎಲ್ಲ ಲಸಿಕೆ ಪಡೆದ ಮಕ್ಕಳು ಶೇಕಡಾ 6; ತಪ್ಪದೆ ಲಸಿಕೆ ಶಿಬಿರ ನಡೆದ ಕಡೆ 18; ಶಿಬಿರದ ಜೊತೆಗೆ ಪ್ರತಿ ಲಸಿಕೆಗೂ ಒಂದು ಕೆ.ಜಿ. ಬೇಳೆ, ಕೊನೆಗೆ ತಟ್ಟೆಗಳನ್ನು ಕೊಟ್ಟ ಕಡೆ 39.

ಇಂಥ ಅಂಕಿಗಳು ಮನೆ ಮನೆಗೆ ಹೋಗಿ ಕೇಳಿದ್ದರಿಂದ ಹುಟ್ಟುತ್ತವೆ. ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವುದು, ಅದನ್ನು ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಅರ್ಥ ಜಾರಿದೆಯೇ ನೋಡುವುದು, ಸಮೀಕ್ಷೆ ಮಾಡುವವರಿಗೆ ತರಬೇತಿ ಕೊಡುವುದು, ಕೆಲವು ಮನೆಗಳಿಗೆ ಬೇರೆಯವರನ್ನು ಕಳಿಸಿ ಉತ್ತರ ತಾಳೆ ಹಾಕುವುದು, ರಾತ್ರಿ ಕೂತು ದತ್ತಾಂಶದ ತಪ್ಪು ತಿದ್ದುವುದು: ಹೊಸಬರ ದಿನಚರಿ ಇದು. ಬೆಂಗಳೂರಿನ ಕಚೇರಿಯಲ್ಲಿ ಬರೆದ ಪ್ರಶ್ನೆ ರಾಯಚೂರಿನ ಅಜ್ಜಿಗೆ ಅರ್ಥವಾಗದಿದ್ದರೆ ಅವರ ಉತ್ತರಕ್ಕೆ ಬೆಲೆಯಿಲ್ಲ. ಹಾಗಾಗಿ ಊರಿನ ಮಾತು ಬಲ್ಲ ಕನ್ನಡ ಮಾಧ್ಯಮದ ಪದವೀಧರರಲ್ಲಿ ಈ ಕ್ಷೇತ್ರಕ್ಕೆ ನಿಜವಾಗಿ ಬೇಕಾದ ಬಂಡವಾಳವಿದೆ. ಸಂಖ್ಯಾಶಾಸ್ತ್ರ, ಆರ್ ಅಥವಾ ಸ್ಟಾಟಾ ತಂತ್ರಾಂಶ ಆಮೇಲೆ ಕಲಿಯಬಹುದು, ಕಲಿಯಲೇಬೇಕು.

ತಪ್ಪು ಕಲ್ಪನೆ: ಬೆರಗು ಹುಟ್ಟಿಸುವ ಫಲಿತಾಂಶ ಬಂದರೆ ಮಾತ್ರ ಹೆಸರು.

ಸತ್ಯ: ಸಂಶೋಧಕರು ಒಗ್ಗೂಡಿ ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲು ಶೇಕಡಾ 97 ಅಧ್ಯಯನಗಳಲ್ಲಿ ಸಂಖ್ಯಾಶಾಸ್ತ್ರ ಒಪ್ಪುವ ಫಲಿತಾಂಶವಿತ್ತು. ಮರುಪ್ರಯೋಗದಲ್ಲಿ ಅದು 36ಕ್ಕೆ ಇಳಿಯಿತು. ಅಂದಿನಿಂದ ಏನನ್ನು ಪರೀಕ್ಷಿಸುತ್ತೇವೆಂದು ಮೊದಲೇ ನೋಂದಾಯಿಸಿಡುವ ಪದ್ಧತಿ ಬಲವಾಯಿತು. ‘ಪರಿಣಾಮ ಕಾಣಲಿಲ್ಲ’ ಎಂಬ ಪ್ರಾಮಾಣಿಕ ವರದಿಗೆ ನಾಚಬೇಕಿಲ್ಲ.

ತಪ್ಪು ಕಲ್ಪನೆ: ಇದರಲ್ಲಿ ಹೊಟ್ಟೆ ತುಂಬದು.

ಸತ್ಯ: ಈ ಭಯಕ್ಕೆ ಅರ್ಧ ಆಧಾರವಿದೆ. ಯುಜಿಸಿಯ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಗಳಿಸಿ ಪಿಎಚ್‌.ಡಿ. ಸೇರಿದರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಪೈಪೋಟಿ ಮಾತ್ರ ಜೋರು. ಅಸಿಸ್ಟೆಂಟ್ ಹುದ್ದೆಗಳು ಬಹುತೇಕ ಗುತ್ತಿಗೆಯವು, ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಬಹುದು. ಸೇರುವ ಮೊದಲೇ ಗುತ್ತಿಗೆ ಎಷ್ಟು ತಿಂಗಳದು, ಹಳ್ಳಿ ಓಡಾಟದ ಖರ್ಚು ಯಾರದು, ಪ್ರಬಂಧದಲ್ಲಿ ನಿಮ್ಮ ಹೆಸರಿರುತ್ತದೆಯೇ ಎಂದು ಕೇಳಿ, ಉತ್ತರವನ್ನು ಇಮೇಲಿನಲ್ಲೇ ತರಿಸಿಕೊಳ್ಳಿ.