ನೆಟ್ ಪರದೆಯ ಅಗಲ: ನೆರಿಗೆಯ ಲೆಕ್ಕ

ಪರದೆ ಅಂಗಡಿಗೆ ಹೋಗುವ ಹೆಚ್ಚಿನವರ ಕೈಯಲ್ಲಿ ಒಂದೇ ಒಂದು ಅಳತೆ ಇರುತ್ತದೆ, ಕಿಟಕಿಯ ಅಗಲ. ನಾಲ್ಕಡಿ ಕಿಟಕಿಗೆ ನಾಲ್ಕಡಿ ಬಟ್ಟೆ, ಆರಡಿಗೆ ಆರಡಿ ಎಂಬುದು ಅವರ ಲೆಕ್ಕ. ಗಾಜು ಮುಚ್ಚಿದರಾಯಿತಲ್ಲ ಎನ್ನುವ ಈ ತರ್ಕ ರೋಲರ್ ಬ್ಲೈಂಡಿಗೆ ಸರಿ. ಅದು ಬಿಗಿಯಾಗಿ ಚಾಚಿಕೊಂಡೇ ಕೆಲಸ ಮಾಡುವ ವಸ್ತು. ನೆಟ್ ಪರದೆಗೆ ಅದೇ ಲೆಕ್ಕ ಹಾಕಿದರೆ ಕಿಟಕಿ ಮುಚ್ಚುತ್ತದೆ, ಮನೆ ಮಾತ್ರ ಹಾಗೇ ಹೊರಗೆ ಕಾಣುತ್ತಿರುತ್ತದೆ. ಬೆಳಕು ಒಳಗೆ ಬರಬೇಕು, ಎದುರು ಮನೆಯವರ ನೋಟ ಬರಬಾರದು ಎಂಬ ಎರಡು ಆಸೆಗಳನ್ನು ಒಟ್ಟಿಗೆ ಪೂರೈಸಲೆಂದೇ ನೆಟ್ ಹಾಕುವುದು. ಆ ಕೆಲಸ ನಡೆಯುವುದು ನೆರಿಗೆಯಲ್ಲಿ. ಹಾಗಾಗಿ ಕಿಟಕಿ ಅಳೆಯುವುದು ಲೆಕ್ಕದ ಮೊದಲ ಹೆಜ್ಜೆ ಮಾತ್ರ. ನೆರಿಗೆಗೆ ಎಷ್ಟು ಬಟ್ಟೆ ಬಿಡಬೇಕು ಎಂಬುದೇ ಅದರ ಮುಖ್ಯ ಭಾಗ.

ಕಾರಣ ತಿಳಿಯಬೇಕಾದರೆ ನೆಟ್ಟಿನ ಒಂದು ತುಂಡನ್ನು ಬೆಳಕಿಗೆ ಹಿಡಿದು ನೋಡಬೇಕು. ಕಣ್ಣಿಗೆ ನೇರವಾಗಿ ಹಿಡಿದಾಗ ದಾರಗಳ ನಡುವಿನ ತೂತುಗಳೆಲ್ಲ ತೆರೆದುಕೊಂಡು ಆಚೆಯದೆಲ್ಲ ಕಾಣುತ್ತದೆ. ಅದನ್ನೇ ನಿಧಾನವಾಗಿ ಓರೆ ಮಾಡುತ್ತ ಹೋದರೆ ತೂತುಗಳು ಕಿರಿದಾಗುತ್ತವೆ, ದಾರ ಮಾತ್ರ ಮೊದಲಿನಷ್ಟೇ ದಪ್ಪ ಕಾಣುತ್ತದೆ, ಬಟ್ಟೆ ಮಂಜುಮಂಜಾಗುತ್ತದೆ. ನೆರಿಗೆ ಮಾಡುವುದೂ ಇದನ್ನೇ. ಇರುವ ಜಾಗದ ಎರಡು ಪಟ್ಟು ಬಟ್ಟೆಯನ್ನು ಅಂಕುಡೊಂಕಾಗಿ ಮಡಚಿ ನಿಲ್ಲಿಸಿದರೆ ಪ್ರತಿ ಮಡಿಕೆಯೂ ಸುಮಾರು 60 ಡಿಗ್ರಿ ಓರೆಯಾಗುತ್ತದೆ. ಆ ಕೋನದಲ್ಲಿ ತೂತಿನ ಅಗಲ ಅರ್ಧಕ್ಕಿಂತಲೂ ಕಡಿಮೆ ಕಾಣುತ್ತದೆ. ತೆಳು ಸೀರೆಯ ಸೆರಗಿನ ಮೂಲಕ ಕಾಣುವುದು ಅದೇ ಸೀರೆಯ ನೆರಿಗೆಯ ಮೂಲಕ ಕಾಣದಲ್ಲ, ಹಾಗೆ. ದಪ್ಪ ಬಟ್ಟೆಗೇ ಹೆಚ್ಚು ಅಗಲ ಬೇಕು, ತೆಳುವಾದದ್ದಕ್ಕೆ ಕಡಿಮೆ ಸಾಕು ಎಂಬ ಭಾವನೆ ಸಾಮಾನ್ಯವಾಗಿದೆ. ನಿಜಸ್ಥಿತಿ ಇದಕ್ಕೆ ತಿರುಗುಮುರುಗು. ದಪ್ಪ ಪರದೆ ಒಂದೂವರೆ ಪಟ್ಟಿಗೂ ಚೆನ್ನಾಗಿ ನಿಲ್ಲುತ್ತದೆ. ನೆಟ್ಟಿಗೆ ಎರಡರಿಂದ ಎರಡೂವರೆ ಪಟ್ಟು ಬೇಕು.

ಯಾವುದರ ಎರಡು ಪಟ್ಟು ಎಂಬಲ್ಲೂ ತಪ್ಪುವುದುಂಟು. ಗುಣಿಸಬೇಕಾದದ್ದು ಗಾಜಿನ ಅಗಲವನ್ನಲ್ಲ, ಪರದೆ ಓಡಾಡುವ ರಾಡಿನ ಉದ್ದವನ್ನು. ಗೋಡೆಯ ಮೇಲೆ ಹಾಕುವ ರಾಡು ಚೌಕಟ್ಟಿನಿಂದ ಎರಡೂ ಕಡೆ ನಾಲ್ಕಾರು ಇಂಚು ಆಚೆಗೆ ಚಾಚಿರಬೇಕು. ಇಲ್ಲದಿದ್ದರೆ ಪಕ್ಕದಿಂದ ನೋಡುವವರಿಗೆ ಸಂದಿ ಸಿಗುತ್ತದೆ, ಪರದೆ ಸರಿಸಿದಾಗಲೂ ಒಂದಷ್ಟು ಗಾಜು ಬಟ್ಟೆಯಡಿಯೇ ಉಳಿಯುತ್ತದೆ. ಗೋಡೆಯ ಗುಳಿಯೊಳಗೇ ರಾಡು ಕೂರಿಸುವುದಾದರೆ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಅತಿ ಕಡಿಮೆಯದನ್ನು ರಾಡಿಗೆ ಹಿಡಿಯಬೇಕು, ಏಕೆಂದರೆ ನಮ್ಮ ಗೋಡೆಗಳ ಪ್ಲಾಸ್ಟರಿಂಗ್ ಮೂಲೆಯಿಂದ ಮೂಲೆಗೆ ಒಂದೇ ಸಮ ಇರುವುದು ಅಪರೂಪ. ಅಳೆಯಲು ಸ್ಟೀಲ್ ಟೇಪೇ ಆಗಬೇಕು. ಬಟ್ಟೆಯ ಟೇಪು ಬಳಸಿ ಬಳಸಿ ಹಿಗ್ಗಿರುತ್ತದೆ. ಸ್ಟೀಲ್ ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲುಗಾಡುತ್ತದೆಂದು ಸಂಶಯ ಬೇಡ. ಒತ್ತಿ ಅಳೆದರೂ ಸಿಕ್ಕಿಸಿ ಅಳೆದರೂ ಕೊಕ್ಕೆಯ ದಪ್ಪ ಲೆಕ್ಕದಲ್ಲಿ ಸೇರದಿರಲೆಂದೇ ಅದನ್ನು ಹಾಗೆ ಸಡಿಲವಾಗಿ ಕೂರಿಸಿರುತ್ತಾರೆ.

ಈಗ ಆರಡಿ ಕಿಟಕಿಯನ್ನೇ ತೆಗೆದುಕೊಳ್ಳೋಣ. ಎರಡೂ ಬದಿಗೆ ಆರಾರು ಇಂಚು ಬಿಟ್ಟರೆ ರಾಡು ಏಳಡಿ. ಸಿದ್ಧ ಪರದೆಗಳು ನಮ್ಮಲ್ಲಿ ಹೆಚ್ಚಾಗಿ ನಾಲ್ಕಡಿ ಅಗಲದಲ್ಲೇ ಬರುತ್ತವೆ, ಮಾರುವುದು ಎರಡೆರಡರ ಜೋಡಿಯಾಗಿ. ಒಂದು ಜೋಡಿ ಎಂದರೆ ಎಂಟಡಿ ಬಟ್ಟೆ. ಏಳಡಿ ರಾಡಿಗೆ 1.14 ಪಟ್ಟು. ಎಳೆದರೆ ನೆರಿಗೆಯೇ ಉಳಿಯುವುದಿಲ್ಲ. ಮೂರು ಪರದೆ ಹಾಕಿದರೆ 1.7 ಪಟ್ಟಾಗುತ್ತದೆ, ಪರವಾಗಿಲ್ಲ ಎನ್ನಬಹುದು. ಆದರೆ ಇಷ್ಟುದ್ದದ ರಾಡಿಗೆ ನಡುವೆ ಒಂದು ಬ್ರ್ಯಾಕೆಟ್ ಆಧಾರ ಕೊಟ್ಟಿರುತ್ತಾರೆ, ರಿಂಗು ಅದನ್ನು ದಾಟುವುದಿಲ್ಲ. ಹೀಗಾಗಿ ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು ಪರದೆ ಬಂದು ಅರ್ಧ ಕಿಟಕಿ ತುಂಬಿಕೊಂಡು, ಅರ್ಧ ಬೋಳಾಗಿ ಕಾಣುತ್ತದೆ. ಸಿದ್ಧ ಪರದೆಯೇ ಬೇಕೆಂದರೆ ನಾಲ್ಕನ್ನು ಕೊಳ್ಳುವುದೇ ಸರಿ, 2.3 ಪಟ್ಟು ಸಿಗುತ್ತದೆ. ಹೊಲಿಸುವವರಿಗೆ ಇನ್ನೊಂದು ಅನುಕೂಲವಿದೆ. ಹಲವು ನೆಟ್ ಬಟ್ಟೆಗಳು ಸುಮಾರು 110 ಇಂಚು ಅಗಲದ ರೋಲಿನಲ್ಲಿ ಬರುತ್ತವೆ. ಅದನ್ನು ಅಡ್ಡ ತಿರುಗಿಸಿದರೆ ರೋಲಿನ ಅಗಲವೇ ಪರದೆಯ ಎತ್ತರವಾಗಿ, ಅಗಲಕ್ಕೆ ಬೇಕಾದಷ್ಟು ಮೀಟರ್ ಕತ್ತರಿಸಿಕೊಳ್ಳಬಹುದು, ನಡುವೆ ಜೋಡು ಹೊಲಿಗೆ ಬರುವುದಿಲ್ಲ. ಏಳಡಿಯ ಎರಡು ಪಟ್ಟು 14 ಅಡಿ. ಎರಡು ಪರದೆಗಳ ನಾಲ್ಕು ಅಂಚುಗಳಿಗೆ ಒಂದೂವರೆ ಇಂಚಿನಂತೆ ಇನ್ನರ್ಧ ಅಡಿ. ಒಟ್ಟು ನಾಲ್ಕೂವರೆ ಮೀಟರ್ ಒಳಗೆ ಮುಗಿಯುತ್ತದೆ.

ಇದು ಸುಮ್ಮನೆ ಖರ್ಚು ಹೆಚ್ಚಿಸುವ ಲೆಕ್ಕ ಎಂಬ ಆಕ್ಷೇಪ ಬರುವುದು ಸಹಜ. ಬಟ್ಟೆ ದುಪ್ಪಟ್ಟಾದಾಗ ಬೆಲೆಯೂ ಏರುವುದು ನಿಜ. ಆದರೆ ಅಷ್ಟೇ ಹಣದಲ್ಲಿ ದುಬಾರಿ ನೆಟ್ಟನ್ನು ಬಿಗಿಯಾಗಿ ಕಟ್ಟುವುದಕ್ಕಿಂತ ಅಗ್ಗದ ನೆಟ್ಟನ್ನು ಧಾರಾಳವಾಗಿ ಬಿಡುವುದು ಮೇಲು. ಮರೆಯೂ ಹೆಚ್ಚು, ಬಟ್ಟೆ ಬೀಳುವ ಚೆಂದವೂ ಹೆಚ್ಚು. ಗಾಳಿಗೆ ಅಡ್ಡವಾಗುತ್ತದೆ ಎಂಬ ಮಾತು ಇನ್ನೂ ಗಟ್ಟಿಯಾದದ್ದು. ಮಂಗಳೂರು, ಕಾರವಾರದ ಸೆಕೆಯಲ್ಲಿ ಕಿಟಕಿಯ ಗಾಳಿಯನ್ನು ತಡೆಯುವ ಪರದೆ ಯಾರಿಗೂ ಬೇಡ. ಅಂಥಲ್ಲಿ, ಅಡುಗೆಮನೆಯಲ್ಲಿ, ಎದುರು ತೋಟವೋ ಖಾಲಿ ಜಾಗವೋ ಇರುವಲ್ಲಿ ಒಂದೂವರೆ ಪಟ್ಟಿಗೆ ಇಳಿಯಬಹುದು, ಮರೆ ಅಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಒಪ್ಪಿಕೊಂಡು. ಲೇಸಿನ ಪರದೆಗೂ ಇದೇ ರಿಯಾಯಿತಿ. 1846ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಜಾನ್ ಲಿವ್‌ಸಿ ಪರದೆಯ ಲೇಸು ನೇಯುವ ಯಂತ್ರ ರೂಪಿಸಿದ ಮೇಲೆ ಹೂಬಳ್ಳಿ, ಅಂಚುಗಳ ಸಮೇತ ಪರದೆಗಳು ಯಂತ್ರದಿಂದಲೇ ಬರತೊಡಗಿದವು. ಅಂಥ ಚಿತ್ತಾರ ಕಾಣಬೇಕಾದರೆ ನೆರಿಗೆ ಕಡಿಮೆಯಿರಬೇಕು, ಇಲ್ಲದಿದ್ದರೆ ಹೂವೆಲ್ಲ ಮಡಿಕೆಯೊಳಗೆ ಅಡಗಿಹೋಗುತ್ತದೆ. ಅಲ್ಲಿ ದಟ್ಟ ನೇಯ್ಗೆಯೇ ಒಂದಷ್ಟು ಮರೆ ಕೊಡುತ್ತದೆ.

ನೆರಿಗೆಯಿಂದಲೂ ಬಗೆಹರಿಯದ ಒಂದು ತೊಡಕು ರಾತ್ರಿಯದು. ಹಗಲಲ್ಲಿ ಹೊರಗಿನ ಬೆಳಕು ಹೆಚ್ಚು. ಅದು ನೆಟ್ಟಿನ ದಾರಗಳ ಮೇಲೆ ಬಿದ್ದು ಹೊಳೆಯುವುದರಿಂದ ಹೊರಗಿನವರ ಕಣ್ಣಿಗೆ ಬಟ್ಟೆ ಕಾಣುತ್ತದೆ, ಕೋಣೆ ಕಾಣುವುದಿಲ್ಲ. ಒಳಗೆ ದೀಪ ಹಾಕಿದೊಡನೆ ಇದು ಅದಲುಬದಲಾಗುತ್ತದೆ. ಎರಡೂವರೆ ಪಟ್ಟು ಬಿಟ್ಟರೂ ಒಳಗಿನವರ ಓಡಾಟದ ನೆರಳಾದರೂ ಕಂಡೇ ಕಾಣುತ್ತದೆ. ಆದ್ದರಿಂದ ಮಲಗುವ ಕೋಣೆಗೆ ನೆಟ್ ಹಾಕುವವರು ಅದರ ಮುಂದೆ ದಪ್ಪ ಪರದೆಯ ಇನ್ನೊಂದು ರಾಡನ್ನೂ ಮೊದಲೇ ಲೆಕ್ಕಕ್ಕೆ ಹಿಡಿದು ಜೋಡಿ ಬ್ರ್ಯಾಕೆಟ್ ಹಾಕಿಸುವುದು ಒಳ್ಳೆಯದು. ಎರಡು ರಾಡುಗಳ ನಡುವೆ ಮೂರು ಇಂಚಾದರೂ ಅಂತರವಿರಲಿ. ಅದಕ್ಕಿಂತ ಹತ್ತಿರವಾದರೆ ಮುಂದಿನ ಪರದೆ ಸರಿಸಿದಾಗಲೆಲ್ಲ ಹಿಂದಿನ ನೆಟ್ಟಿನ ನೆರಿಗೆ ಒತ್ತಿಹೋಗುತ್ತದೆ.