‘ಬೇಕರ್ಸ್ ಡಜನ್’: ಒಂದು ಪರಿಮಾಣ ನುಡಿಯ ಅರ್ಥ ಮತ್ತು ಬಳಕೆ

ಡಜನ್ ಎಂದರೆ 12. ಆದರೆ ಇಂಗ್ಲಿಷಿನ ‘ಬೇಕರ್ಸ್ ಡಜನ್’ ಎಂಬ ನುಡಿಗೆ 13 ಎಂದು ಅರ್ಥ. ಲೆಕ್ಕಕ್ಕೆ ಹೊಂದದ ಈ ಒಂದು ಎಲ್ಲಿಂದ ಬಂದಿತೆಂಬುದು ಜಾನಪದ ಅಧ್ಯಯನಕ್ಕೂ ಸಂಬಂಧಿಸಿದ ಪ್ರಶ್ನೆಯಾಗಿದೆ.

ಮೂರನೆಯ ಹೆನ್ರಿಯ ಆಳ್ವಿಕೆಯಲ್ಲಿ, ಸಾಮಾನ್ಯವಾಗಿ 1266–67ರದೆಂದು ಗುರುತಿಸಲಾಗುವ ಬ್ರೆಡ್ ಮತ್ತು ಏಲ್ ಮದ್ಯದ ಕಟ್ಟಳೆಯು ಇಂಗ್ಲೆಂಡಿನಲ್ಲಿ ಜಾರಿಗೆ ಬಂದಿತು. ಇದರಂತೆ ಬ್ರೆಡ್ಡಿನ ಬೆಲೆ ಸ್ಥಿರ. ಗೋಧಿಯ ಧಾರಣೆಗೆ ತಕ್ಕಂತೆ ಬದಲಾಗುತ್ತಿದ್ದುದು ಅದರ ತೂಕ. ತೂಕ ತಗ್ಗಿದರೆ ದಂಡ. ತಪ್ಪು ಗುರುತರವಾದರೆ ಕುತ್ತಿಗೆ ಮತ್ತು ಕೈಗಳನ್ನು ಮರದ ಚೌಕಟ್ಟಿಗೆ ಸಿಕ್ಕಿಸಿ ಜನರೆದುರು ನಿಲ್ಲಿಸುವ ಶಿಕ್ಷೆ. ಕೈಯಿಂದ ನಾದಿದ ಹಿಟ್ಟು ಒಲೆಯಲ್ಲಿ ಬೇಯುವಾಗ ತೇವ ಕಳೆದುಕೊಂಡು ಹಗುರಾಗುವುದು ಸಹಜ. ಆದ್ದರಿಂದ ಶಿಕ್ಷೆಗೆ ಅಂಜಿ ಒಂದನ್ನು ಹೆಚ್ಚಾಗಿ ಕೊಡುತ್ತಿದ್ದರೆಂಬುದು ಜನಪ್ರಿಯ ವಿವರಣೆ.

ಈ ವಿವರಣೆಯನ್ನು ಪೂರ್ಣವಾಗಿ ಒಪ್ಪಲು ಎರಡು ತೊಡಕುಗಳಿವೆ. ಒಂದು, ಈ ನುಡಿಯ ಲಿಖಿತ ಬಳಕೆ ಕಾಣುವುದು 16ನೆಯ ಶತಮಾನದ ಕೊನೆಯಲ್ಲಿ. ಕಟ್ಟಳೆಗೂ ನುಡಿಗೂ ನಡುವೆ ಮುನ್ನೂರು ವರ್ಷಗಳಿಗೂ ಮಿಗಿಲಾದ ಅಂತರವಿದೆ. ಎರಡು, ಒಂದೊಂದೇ ಬ್ರೆಡ್ ಕೊಳ್ಳುವ ಬಡವನಿಗೆ ಹದಿಮೂರನೆಯದರಿಂದ ಯಾವ ರಕ್ಷಣೆಯೂ ಇಲ್ಲ. ಇನ್ನೊಂದು ವಿವರಣೆಯಂತೆ, ಸಗಟಾಗಿ ಕೊಂಡು ಬೀದಿಯಲ್ಲಿ ಮಾರುವವರು ನಿಗದಿತ ಬೆಲೆಯನ್ನು ಮೀರುವಂತಿರಲಿಲ್ಲ. ಹನ್ನೆರಡರ ಬೆಲೆಗೆ ದೊರೆತ ಹದಿಮೂರನೆಯದೇ ಅವರ ಲಾಭ. ಎರಡೂ ಕಾರಣಗಳು ಕೂಡಿಯೇ ಕೆಲಸ ಮಾಡಿರಬಹುದು. ಆದರೆ ಜನಮನದಲ್ಲಿ ಉಳಿದುದು ವ್ಯಾಪಾರದ ಲೆಕ್ಕವಲ್ಲ, ಶಿಕ್ಷೆಯ ಕಥೆ. ನುಡಿಯೊಂದರ ಮೂಲವನ್ನು ವಿವರಿಸುವ ಕಥೆಯೂ ಸ್ವತಃ ಜಾನಪದವೇ. ಅದನ್ನು ಸಂಗ್ರಹಿಸಬೇಕು, ಆದರೆ ಪರೀಕ್ಷಿಸದೆ ಚರಿತ್ರೆಯೆಂದು ಬರೆಯಬಾರದು.

ಬಳಕೆಯಲ್ಲಿಯೂ ಒಂದು ಭೇದ ಗಮನಾರ್ಹ. ‘ಡಜನ್’ ಎಂಬುದು ‘ಡಜನುಗಟ್ಟಲೆ’ ಎಂಬಲ್ಲಿ ಅನಿಶ್ಚಿತ ಸಂಖ್ಯೆಯಾಗುತ್ತದೆ. ‘ಬೇಕರ್ಸ್ ಡಜನ್’ ಹಾಗಲ್ಲ, ಅದು ಖಚಿತವಾಗಿ 13. ಇಂದು ಬ್ರೆಡ್ಡಿನ ಸಂಬಂಧವಿಲ್ಲದೆ ಕಥೆ, ಕವಿತೆ, ಮನುಷ್ಯರ ಎಣಿಕೆಗೂ ಇದು ಸಲ್ಲುತ್ತದೆ.

ಕನ್ನಡಕ್ಕೆ ತರುವಾಗ ‘ಹದಿಮೂರು’ ಎಂದರೆ ಸಂಖ್ಯೆ ಉಳಿದು ಸಂದರ್ಭ ಅಳಿಯುತ್ತದೆ. ನಮ್ಮ ಸಂತೆಗಳಲ್ಲಿ ಅಳತೆಯಾದ ಮೇಲೆ ಹಾಕುವ ‘ಕೊಸರು’ ಇದಕ್ಕೆ ಸಮೀಪದ ಪದ. ಆದರೆ ಕೊಸರಿಗೆ ಗೊತ್ತಾದ ಪ್ರಮಾಣವಿಲ್ಲ, ಅದರ ಹಿಂದೆ ರಾಜಶಾಸನವೂ ಇಲ್ಲ. ಕೊಳ್ಳುವವರು ಕೇಳಿ ಪಡೆಯುವುದು, ಮಾರುವವರು ಮನಸ್ಸಿನಿಂದ ಕೊಡುವುದು ಅದು. ಆದ್ದರಿಂದ ನಿಘಂಟುಕಾರರು ‘ಹನ್ನೆರಡರ ಮೇಲೊಂದು ಕೊಸರು, ಹದಿಮೂರು’ ಎಂದು ಅರ್ಥ ಬರೆಯುವುದು ಹೆಚ್ಚು ಸೂಕ್ತವೆನಿಸುತ್ತದೆ.