ಮಾಳಿಗೆಗೆ ಮಣ್ಣೋ, ಸಿಮೆಂಟೋ?

ಮಲೆನಾಡಿನವರು ಮಳೆಗೆ ಹೆದರಿ ಸೂರು ಕಟ್ಟಿದರೆ ಬಯಲುಸೀಮೆಯವರು ಬಿಸಿಲಿಗೆ ಹೆದರಿ ಕಟ್ಟುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಲ್ಲಿ ಹೆಂಚಿನ ಇಳಿಜಾರು ಸೂರಿಲ್ಲದೆ ಗತಿಯಿಲ್ಲ. ರಾಯಚೂರು ಜಿಲ್ಲೆಯಲ್ಲಿ ಬೀಳುವುದು 600 ಮಿಲಿಮೀಟರಿನ ಆಸುಪಾಸು. ಆದರೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿ ವಾರಗಟ್ಟಲೆ ಕೂರುತ್ತದೆ. ಹೀಗಾಗಿಯೇ ಸಿಂಧನೂರು ತಾಲ್ಲೂಕಿನ ಗೊರೇಬಾಳ ಸೀಮೆಯಲ್ಲಾಗಲಿ, ಅತ್ತ ಮಸ್ಕಿ, ಲಿಂಗಸುಗೂರು ಕಡೆಯಾಗಲಿ ಹಳೆಯ ಮನೆಗಳಿಗೆ ಚಪ್ಪಟೆ ಮಣ್ಣಿನ ಮಾಳಿಗೆಯೇ ರೂಢಿ. ಮೆಣಸಿನಕಾಯಿ ಒಣಗಿಸಲು ಅದೇ ಕಣ, ಬೇಸಿಗೆ ರಾತ್ರಿ ಅದೇ ಹಾಸಿಗೆ.

ಇಂದು ಹಳೆಯ ಮನೆ ಕೆಡವಿ ಹೊಸದು ಕಟ್ಟುವವರಲ್ಲಿ ಹೆಚ್ಚಿನವರು ಎರಡನೆಯ ಮಾತಿಲ್ಲದೆ ಆರ್‌ಸಿಸಿ ಹಾಕಿಸುತ್ತಾರೆ. ಮೊದಲ ಬೇಸಿಗೆಯಲ್ಲೇ ಹಳೆಯ ಮನೆಯ ತಂಪು ನೆನಪಾಗುತ್ತದೆ. ಹಾಗಾದರೆ ಹಿರಿಯರ ಮಾಳಿಗೆಯೇ ಮೇಲಾಗಿತ್ತೆ? ಉತ್ತರ ಅಷ್ಟು ಸುಲಭವಲ್ಲ.

ಮಣ್ಣಿನ ಮಾಳಿಗೆಯ ಕಟ್ಟೋಣ ಸರಳ. ದಪ್ಪ ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಸೀಳಿದ ಕಟ್ಟಿಗೆ, ಬೇವಿನ ಇಲ್ಲವೆ ಬಂದರಿಕೆ ಸೊಪ್ಪು, ಆಮೇಲೆ ಕೆಸರು, ಮತ್ತೆ ಒಂದು ಅಡಿಯಷ್ಟು ಮಣ್ಣು. ಜಾಣತನವೆಲ್ಲ ಮೇಲಿನ ಪದರದಲ್ಲಿದೆ. ಹೊಲದ ಎರೆಮಣ್ಣು ಇಲ್ಲಿ ಕೆಲಸಕ್ಕೆ ಬಾರದು. ಬಿಸಿಲಿಗೆ ಅದು ಬಾಯಿ ಬಿಡುತ್ತದೆ. ಅದಕ್ಕೆ ಸವಳು ಮಣ್ಣೇ ಬೇಕು. ಸೋಡಿಯಂ ಹೆಚ್ಚಿರುವ ಈ ಮಣ್ಣು ನೆನೆದಾಗ ಅದರ ಸಣ್ಣ ಕಣಗಳು ಬಿಡಿಬಿಡಿಯಾಗಿ ಉಬ್ಬಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ನೀರು ಒಳಗಿಳಿಯದೆ ಮೇಲೆಯೇ ಹರಿದು ದೋಣಿಯಿಂದ ಹೊರಬೀಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಗದ್ದೆಗಳಲ್ಲಿ ಸವಳು ಏರಿ ರೈತರು ಯಾವ ಮಣ್ಣಿಗೆ ಶಾಪ ಹಾಕುತ್ತಾರೋ, ಅಂಥದನ್ನೇ ಹಿಂದಿನವರು ಹುಡುಕಿ ತಂದು ತಲೆಯ ಮೇಲೆ ಹೊತ್ತುಕೊಂಡಿದ್ದರು!

ತಂಪಿನ ಗುಟ್ಟು ದಪ್ಪದಲ್ಲಿದೆ. ಒಂದು ಅಡಿ ಒಣಮಣ್ಣನ್ನು ದಾಟಿ ಒಳಗಿಳಿಯುವ ಹೊತ್ತಿಗೆ ಮಧ್ಯಾಹ್ನದ ಬಿಸಿ ಬಹುಪಾಲು ಸೋತಿರುತ್ತದೆ, ಹೊರಗೆ ರಾತ್ರಿಯೂ ಆಗಿರುತ್ತದೆ. ಕಾಂಕ್ರೀಟು ಒಣಮಣ್ಣಿಗಿಂತ ಎರಡು ಮೂರು ಪಟ್ಟು ವೇಗವಾಗಿ ಬಿಸಿಯನ್ನು ಸಾಗಿಸುತ್ತದೆ, ದಪ್ಪವೂ ನಾಲ್ಕೈದು ಇಂಚು ಮಾತ್ರ. ಮಧ್ಯಾಹ್ನ ಕುಡಿದ ಬಿಸಿಲನ್ನು ಅದು ಸಂಜೆ, ಜನ ಮನೆ ಸೇರುವ ಹೊತ್ತಿಗೇ ಕಕ್ಕುತ್ತದೆ.

ಆದರೆ ಮಣ್ಣು ಕೇಳುವ ಬೆಲೆ ದೊಡ್ಡದು. ಮಾಳಿಗೆಗೆ ವರ್ಷ ವರ್ಷವೂ ಆರೈಕೆ ಬೇಕು. ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಹಾಕಿ ತುಳಿಯಬೇಕು, ಹುಲ್ಲು ಕೀಳಬೇಕು, ಹೆಗ್ಗಣದ ಬಿಲ ಮುಚ್ಚಬೇಕು. ಅಲಕ್ಷಿಸಿದರೆ ಸೋರುವುದು ಖಚಿತ. ಶಿಶುನಾಳ ಶರೀಫರ ಪದದಲ್ಲಿ ಸೋರುವ ಮಾಳಿಗೆ ದೇಹಕ್ಕೆ ರೂಪಕವಾದದ್ದು ಸುಮ್ಮನೆ ಅಲ್ಲ. ಹೊಸ ಮಣ್ಣು ಬೀಳುತ್ತದೆ, ಹಳೆಯದು ಇಳಿಯುವುದಿಲ್ಲ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಮೇಲೆ ಒಂದು ಅಡಿ ಮಣ್ಣೆಂದರೆ ಐದು ಟನ್ನಿಗೂ ಮಿಕ್ಕ ತೂಕ. ತಲೆಮಾರುಗಳಲ್ಲಿ ಅದು ಎರಡು ಅಡಿಯಾದರೆ ಹತ್ತು ಟನ್ನು. ನೆನೆದರೆ ಇನ್ನೂ ಹೆಚ್ಚು. ಅದೇ ಕೋಣೆಯ ನಾಲ್ಕೂವರೆ ಇಂಚಿನ ಆರ್‌ಸಿಸಿ ಚಾವಣಿ ತೂಗುವುದು ಮೂರು ಟನ್ನಿನ ಸುಮಾರು.

ಈ ಭಾರ ಏನು ಮಾಡಬಲ್ಲದೆಂದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಂಡಿತು. ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಮಣ್ಣುಗಾರೆಯ ಕಲ್ಲುಗೋಡೆ ಮತ್ತು ಅದರ ಮೇಲಿದ್ದ ಇಂಥದೇ ಭಾರದ ಮಾಳಿಗೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನಲ್ಲಿ ಉತ್ತರ ಕರ್ನಾಟಕಕ್ಕೆ ಎಡೆಬಿಡದೆ ಮಳೆ ಹೊಡೆದಾಗ ಭೂಮಿ ನಡುಗಬೇಕಾಗಿಯೇ ಇರಲಿಲ್ಲ. ನೆನೆದ ಗೋಡೆಗಳು ನೆನೆದ ಮಾಳಿಗೆಯನ್ನು ಹೊರಲಾರದೆ ಕುಸಿದವು. ಇನ್ನೂರಕ್ಕೂ ಹೆಚ್ಚು ಜನ ಸತ್ತ ಆ ನೆರೆಯಲ್ಲಿ ರಾಯಚೂರು ಜಿಲ್ಲೆಯೂ ಬಹಳ ನೊಂದಿತು.

ನಡುವಿನ ದಾರಿಗಳೂ ಇವೆ. ಶಹಾಬಾದಿನ ಫರಸಿಯನ್ನು ಕಬ್ಬಿಣದ ಇಲ್ಲವೆ ತೇಗದ ತೊಲೆಗಳ ಮೇಲೆ ಹಾಸುವುದು ಈ ಭಾಗಕ್ಕೆ ಹೊಸದೇನಲ್ಲ. ಆದರೆ ತೊಲೆಗಳ ನಡುವಿನ ಅಂತರ ಹೆಚ್ಚಾದರೆ ಕಲ್ಲು ಬಾಗುವುದಿಲ್ಲ, ಮುನ್ಸೂಚನೆ ಕೊಡದೆ ಒಡೆಯುತ್ತದೆ. ತಗಡು ಹಗುರ, ಅಗ್ಗ. ಅದರ ಕೆಳಗೆ ಏಪ್ರಿಲ್ ಮಧ್ಯಾಹ್ನ ಕಳೆಯುವುದು ಬೇರೆ ಮಾತು.

ಕೈಲಾದವರಿಗೆ ಆರ್‌ಸಿಸಿಯೇ ಸರಿ, ಆದರೆ ಬೋಳಾಗಿ ಬಿಡಬಾರದು. ಪಂಜಾಬು, ದೆಹಲಿ ಕಡೆ ಆರ್‌ಸಿಸಿಯ ಮೇಲೆ ಹುಲ್ಲು ಬೆರೆಸಿದ ನಾಲ್ಕು ಇಂಚು ಮಣ್ಣು ಹಾಕಿ, ಅದರ ಮೇಲೆ ಇಟ್ಟಿಗೆಯ ಬಿಲ್ಲೆ ಹೊದಿಸುವ ಪದ್ಧತಿಯಿದೆ. ಹೀಗೆ ಮಾಡಿದರೆ ಕಾಂಕ್ರೀಟಿನ ಬಲವೂ ಮಣ್ಣಿನ ತಂಪೂ ಸಿಗುತ್ತವೆ. ಆ ಮಣ್ಣಿನ ಭಾರವನ್ನು ಕಬ್ಬಿಣ ಕಟ್ಟುವ ಮೊದಲೇ ಎಂಜಿನಿಯರಿಗೆ ಹೇಳಿರಬೇಕು ಅಷ್ಟೆ. ಅದೂ ಆಗದಿದ್ದರೆ ಬೇಸಿಗೆಗೆ ಮುನ್ನ ಮೇಲೆಲ್ಲ ಬಿಳಿ ಸುಣ್ಣ ಬಳಿಯಬಹುದು. ಬಿಸಿಲಿನ ಬಹುಪಾಲು ಮರಳಿ ಆಕಾಶಕ್ಕೇ ಹೋಗುತ್ತದೆ, ಖರ್ಚೂ ಕಡಿಮೆ.

ಮಣ್ಣಿನ ಮಾಳಿಗೆಯ ಕೆಳಗೇ ಇನ್ನೂ ಬದುಕುತ್ತಿರುವವರು ಕಡಿಮೆಯೇನಿಲ್ಲ. ಅವರು ಈ ಸಲ ಹೊಸ ಮಣ್ಣು ಹಾಕುವ ಮೊದಲು ಅಷ್ಟೇ ಹಳೆಯ ಮಣ್ಣನ್ನು ಕೆರೆದು ಇಳಿಸುವುದು ಒಳ್ಳೆಯದು. ತೊಲೆ ಸಾಮಾನ್ಯವಾಗಿ ಮೊದಲು ಕೊಳೆಯುವುದು ಗೋಡೆಯೊಳಗೆ ಹುದುಗಿದ ತುದಿಯಲ್ಲಿ, ಅಲ್ಲಿ ಗೆದ್ದಲು ಕಣ್ಣಿಗೆ ಬೀಳುವುದಿಲ್ಲ. ಆ ಜಾಗದಲ್ಲಿ ಗೋಡೆ ಬಿರಿದು ಮಣ್ಣು ಉದುರುತ್ತಿದ್ದರೆ ಮಳೆ ಹಿಡಿದ ರಾತ್ರಿಗಳಲ್ಲಿ ಆ ಕೋಣೆಯಲ್ಲಿ ಯಾರೂ ಮಲಗಬಾರದು.